ಬೇಡಿಕೊಂಡು ಹಾಕುವ ಶಾಪ

ಪ್ರಶ್ನೆ: ಗ್ರಂಥಾಲಯದಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹಳೆಯ ಸಂಪುಟವೊಂದನ್ನು ತಿರುವಿ ಹಾಕುತ್ತಿದ್ದೆ. ನಮ್ಮ ಸೀಮೆಯ ಶಾಸನಗಳ ಇಂಗ್ಲಿಷ್ ಅನುವಾದದ ಕೊನೆಯಲ್ಲಿ ‘ಇಂಪ್ರಿಕೇಟರಿ’ ಎಂಬ ಮಾತು ಕಣ್ಣಿಗೆ ಬಿತ್ತು. ನಿಘಂಟಿನಲ್ಲಿ ‘ಇಂಪ್ರಿಕೇಟ್’ ಎಂದರೆ ಶಪಿಸು ಎಂದಷ್ಟೇ ಇದೆ. ಅದಕ್ಕೆ ‘ಕರ್ಸ್’ ಎಂಬ ಸುಲಭದ ಪದ ಇರುವಾಗ ಇದೇಕೆ ಬೇಕಾಯಿತು? ಇದರೊಳಗೆ ಇಂಗ್ಲಿಷಿನ ‘ಪ್ರೇಯರ್’, ನಮ್ಮ ‘ಪ್ರಾರ್ಥನೆ’ ಎರಡೂ ಅಡಗಿವೆಯೆಂದು ನನ್ನ ಗುಮಾನಿ. ಸರಿಯೇ? ಸಾಫ್ಟ್‌ವೇರ್ ಕೆಲಸದಲ್ಲಿರುವ ಮಗಳು ದಿನವೂ ಹೇಳುವ ‘ಡೆಪ್ರಿಕೇಟ್’ ಪದಕ್ಕೂ ಇದಕ್ಕೂ ನಂಟುಂಟೇ?

ಹಾಸನ ಜಿಲ್ಲೆಯ ಓದುಗರೊಬ್ಬರು

ಉತ್ತರ: ಶಾಸನದ ಪುಸ್ತಕ ಹಿಡಿದವರು ಸಾಮಾನ್ಯವಾಗಿ ರಾಜನ ಹೆಸರು, ಇಸವಿ, ತಮ್ಮೂರಿನ ಹಳೆಯ ಹೆಸರು ಹುಡುಕಿ ಪುಸ್ತಕ ಮುಚ್ಚುತ್ತಾರೆ. ಕೊನೆಯ ಶಾಪದ ಸಾಲಿನ ಹತ್ತಿರ ನಿಲ್ಲುವವರು ಕಡಿಮೆ. ನೀವು ನಿಂತದ್ದಲ್ಲದೆ, ಅಲ್ಲಿದ್ದ ಒಂದು ಪದದ ಬೆನ್ನು ಹತ್ತಿ ನಿಘಂಟಿನವರೆಗೂ ಹೋಗಿದ್ದೀರಿ.

ನಿಮ್ಮ ಪತ್ರದಲ್ಲಿ ಮೂರು ಸಂದೇಹಗಳಿವೆ. ‘ಕರ್ಸ್’ ಇರುವಾಗ ‘ಇಂಪ್ರಿಕೇಟ್’ ಯಾಕೆ ಎನ್ನುವುದು ಒಂದು. ಅದರ ಮೂಲ ಪ್ರಾರ್ಥನೆಯೇ ಎನ್ನುವುದು ಎರಡು. ‘ಡೆಪ್ರಿಕೇಟ್’ ಜೊತೆಗಿನ ನಂಟು ಮೂರನೆಯದು. ನಿಮ್ಮ ಗುಮಾನಿ ಅರ್ಧ ಸರಿ, ಅರ್ಧ ತಪ್ಪು ಎಂದು ಮೊದಲೇ ಹೇಳಿಬಿಡುತ್ತೇನೆ. ತಪ್ಪಿದ ಅರ್ಧದಲ್ಲೇ ಹೆಚ್ಚಿನ ಸ್ವಾರಸ್ಯವಿದೆ.

ಮೊದಲು ಅರ್ಥ

‘ಇಂಪ್ರಿಕೇಟ್’ ಎಂದರೆ ಒಬ್ಬರ ಮೇಲೆ ಕೇಡು ಬರಲಿ ಎಂದು ದೇವರನ್ನೋ ಮತ್ಯಾವುದೋ ಮೇಲಿನ ಶಕ್ತಿಯನ್ನೋ ಬೇಡುವುದು. ಉಚ್ಚರಿಸುವಾಗ ಒತ್ತು ಮೊದಲ ‘ಇಂ’ ಮೇಲೆ ಬೀಳುತ್ತದೆ. ಇಂಗ್ಲಿಷ್ ಮಾತನಾಡುವವರ ಬಾಯಲ್ಲಿ ಈ ಪದ ಇಲ್ಲವೆಂದರೂ ನಡೆಯುತ್ತದೆ. ಧರ್ಮಗ್ರಂಥಗಳ ವ್ಯಾಖ್ಯಾನ, ಶಾಸನಶಾಸ್ತ್ರ, ಹಳೆಯ ಗದ್ಯ ಇವುಗಳಲ್ಲಿ ಸಿಗುತ್ತದೆ. ಶಾಪವಚನಕ್ಕೆ ‘ಇಂಪ್ರಿಕೇಷನ್’ ಎಂಬ ನಾಮಪದವಿದೆ. ನೀವು ಕಂಡ ‘ಇಂಪ್ರಿಕೇಟರಿ’ ವಿಶೇಷಣ: ಶಾಪದ, ಶಾಪರೂಪದ ಎಂದು ಅರ್ಥ.

‘ಕರ್ಸ್’ಗೂ ಇದಕ್ಕೂ ಇರುವ ವ್ಯತ್ಯಾಸ ವಾಕ್ಯಕ್ಕೆ ಇಳಿಸಿದಾಗ ಕಾಣುತ್ತದೆ. ‘ಕರ್ಸ್’ ಬಳಸಿದರೆ ಅದರ ಕರ್ಮ ಸಾಮಾನ್ಯವಾಗಿ ಮನುಷ್ಯ. ಅವಳು ಕಳ್ಳನನ್ನು ಶಪಿಸಿದಳು ಎಂದ ಹಾಗೆ. ‘ಇಂಪ್ರಿಕೇಟ್’ ಬಳಸಿದರೆ ಅದರ ಕರ್ಮ ಹೆಚ್ಚಾಗಿ ಕೇಡು. ಅವಳು ಕಳ್ಳನ ಮೇಲೆ ಕೇಡನ್ನು ಬೇಡಿದಳು ಎಂದ ಹಾಗೆ. ಮನುಷ್ಯನನ್ನೇ ಕರ್ಮವಾಗಿ ಇಟ್ಟು ಬಳಸಿದ್ದೂ ಉಂಟು, ಆದರೆ ಪದದ ಜಾಯಮಾನ ಮೊದಲು ಹೇಳಿದ್ದು. ಕನ್ನಡದಲ್ಲಿ ‘ಕಳ್ಳನನ್ನು ಶಪಿಸಿದಳು’ ಎನ್ನುವುದಕ್ಕೂ ‘ಕಳ್ಳನಿಗೆ ಶಾಪ ಹಾಕಿದಳು’ ಎನ್ನುವುದಕ್ಕೂ ಇರುವ ವ್ಯತ್ಯಾಸ ಹೆಚ್ಚುಕಡಿಮೆ ಇದೇ.

ಇನ್ನೂ ಒಂದು ಗೆರೆ ಎಳೆಯಬೇಕು. ಇಂಗ್ಲಿಷಿನ ‘ಕರ್ಸ್’ ಎರಡು ಕೆಲಸ ಮಾಡುತ್ತದೆ. ಕಾಲಿಗೆ ಕಲ್ಲು ಎಡವಿದಾಗ ಬಾಯಿಗೆ ಬಂದದ್ದನ್ನು ಆಡುವುದೂ ಅದೇ, ಮುನಿಯ ಶಾಪವೂ ಅದೇ. ಕನ್ನಡ ಇವೆರಡನ್ನೂ ಬೈಗುಳ, ಶಾಪ ಎಂದು ಬೇರೆ ಇಟ್ಟಿದೆ. ‘ಇಂಪ್ರಿಕೇಟ್’ ಶಾಪದ ಕಡೆಯ ಪದ. ಬಸ್ಸು ತಪ್ಪಿದ್ದಕ್ಕೆ ಡ್ರೈವರನ್ನು ‘ಕತ್ತೆ’ ಎಂದರೆ ಅದು ಬೈಗುಳವಾಯಿತು. ಅವನ ಬಸ್ಸು ಹಳ್ಳಕ್ಕೆ ಬೀಳಲಿ ಎಂದರೆ ‘ಇಂಪ್ರಿಕೇಷನ್’ ಆಯಿತು.

ಪದ ಎಲ್ಲಿಂದ ಬಂತು?

ಲ್ಯಾಟಿನ್ನಿನಲ್ಲಿ ‘ಪ್ರಿಕಾರಿ’ ಎಂಬ ಕ್ರಿಯಾಪದವಿದೆ. ಬೇಡು, ಮೊರೆಯಿಡು, ಕೇಳಿಕೊಳ್ಳು ಎಂದು ಅದರ ಅರ್ಥ. ಅದಕ್ಕೆ ‘ಇನ್’ ಎಂಬ ಉಪಸರ್ಗ ಸೇರಿದರೆ ‘ಇಂಪ್ರಿಕಾರಿ’: ಒಬ್ಬರ ಮೇಲೆ ಏನಾದರೂ ಬರಲಿ ಎಂದು ಬೇಡುವುದು. ಗಮನಿಸಿ, ‘ಏನಾದರೂ’. ಲ್ಯಾಟಿನ್ನಿನಲ್ಲಿ ಈ ಪದ ಒಳಿತಿಗೂ ಸಲ್ಲುತ್ತಿತ್ತು, ಕೆಡುಕಿಗೂ ಸಲ್ಲುತ್ತಿತ್ತು. ಹರಸುವುದೂ ಶಪಿಸುವುದೂ ಒಂದೇ ಕೈಸನ್ನೆಯಾಗಿದ್ದವು. 17ನೆಯ ಶತಮಾನದ ಆರಂಭದ ಹೊತ್ತಿಗೆ ಈ ಕ್ರಿಯಾಪದ ಇಂಗ್ಲಿಷಿನಲ್ಲಿ ಕಾಣಿಸಿಕೊಳ್ಳುತ್ತದೆ. ಬರುಬರುತ್ತ ಒಳಿತಿನ ಅರ್ಥ ಸವೆದುಹೋಗಿ ಕೆಡುಕಿನದಷ್ಟೇ ಉಳಿಯಿತು.

ಇಂಗ್ಲಿಷಿನ ‘ಪ್ರೇ’, ‘ಪ್ರೇಯರ್’ ಪದಗಳೂ ಇದೇ ‘ಪ್ರಿಕಾರಿ’ಯಿಂದ ಹುಟ್ಟಿ, ಹಳೆಯ ಫ್ರೆಂಚಿನ ಮೂಲಕ ಬಂದವು. ಆದ್ದರಿಂದ ನಿಮ್ಮ ಗುಮಾನಿಯ ಮೊದಲರ್ಧ ಸರಿ: ಶಾಪದ ಈ ಪದದೊಳಗೆ ‘ಪ್ರೇಯರ್’ ನಿಜಕ್ಕೂ ಇದೆ. ಇದೇ ಮನೆತನದ ಇನ್ನೊಂದು ಪದ ‘ಪ್ರಿಕೇರಿಯಸ್’. ಇಂದು ಅದಕ್ಕೆ ಅಭದ್ರ, ಡೋಲಾಯಮಾನ ಎಂಬ ಅರ್ಥವಿದೆ. ಮೂಲದಲ್ಲಿ ಅದು ‘ಬೇಡಿ ಪಡೆದದ್ದು’. ಕೊಟ್ಟವನ ಮನಸ್ಸು ತಿರುಗಿದರೆ ಬೇಡಿ ಪಡೆದದ್ದು ಕೈತಪ್ಪುತ್ತದೆ. ಅಭದ್ರ ಎಂಬ ಅರ್ಥ ಹುಟ್ಟಿದ್ದು ಹಾಗೆ.

ಪ್ರಾರ್ಥನೆ ಅಲ್ಲ, ಪ್ರಶ್ನೆ

ಈಗ ತಪ್ಪಿದ ಅರ್ಧಕ್ಕೆ ಬರೋಣ. ‘ಪ್ರೇಯರ್’, ‘ಪ್ರಾರ್ಥನೆ’ ಇವೆರಡನ್ನೂ ಅಕ್ಕಪಕ್ಕ ಇಟ್ಟರೆ ಒಡಹುಟ್ಟಿದವರಂತೆ ಕಾಣುತ್ತವೆ. ಸದ್ದೂ ಒಂದೇ, ಅರ್ಥವೂ ಒಂದೇ. ಯಾರಿಗಾದರೂ ನಂಟು ತೋರುವುದು ಸಹಜ. ಆದರೆ ‘ಪ್ರಾರ್ಥನೆ’ಯನ್ನು ಬಿಡಿಸಿದರೆ ‘ಪ್ರ’ ಎಂಬ ಉಪಸರ್ಗ, ಅದರ ಮುಂದೆ ಬಯಸು, ಕೇಳು ಎಂಬರ್ಥದ ‘ಅರ್ಥ್’ ಸಿಗುತ್ತವೆ. ‘ವಿದ್ಯಾರ್ಥಿ’ಯಲ್ಲಿ, ‘ಅರ್ಜಿದಾರ’ನಿಗೆ ಬದಲಾಗಿ ಬಳಸುವ ‘ಅಭ್ಯರ್ಥಿ’ಯಲ್ಲಿ ಇರುವುದು ಇದೇ ‘ಅರ್ಥ್’. ಇಲ್ಲಿ ‘ಪ್ರ’ ಹೊರಗಿನಿಂದ ಬಂದು ಅಂಟಿಕೊಂಡದ್ದು. ‘ಪ್ರೇಯರ್’ನ ‘ಪ್ರ’ ಹಾಗಲ್ಲ, ಅದು ಧಾತುವಿನದೇ ಭಾಗ. ಎರಡೂ ಪದಗಳ ಹೋಲಿಕೆ ಆಕಸ್ಮಿಕ.

ಹಾಗಾದರೆ ಸಂಸ್ಕೃತದಲ್ಲಿ ‘ಪ್ರಿಕಾರಿ’ಯ ನಿಜವಾದ ನೆಂಟರು ಯಾರು? ಕೇಳು ಎಂಬರ್ಥದ ‘ಪ್ರಚ್ಛ್’ ಧಾತು. ಅದರಿಂದ ‘ಪೃಚ್ಛತಿ’, ಜ್ಯೋತಿಷಿಯ ಮುಂದೆ ಕೂತವನಿಗೆ ಹೇಳುವ ‘ಪೃಚ್ಛಕ’, ಮತ್ತು ನೀವು ನನಗೆ ಬರೆದು ಕಳಿಸಿದ ‘ಪ್ರಶ್ನೆ’. ಈ ಅಂಕಣದ ತಲೆಯ ಮೇಲಿರುವ ಪದವೇ ‘ಇಂಪ್ರಿಕೇಟ್’ನ ದಾಯಾದಿ. ಜರ್ಮನ್ ಭಾಷೆಯಲ್ಲಿ ಕೇಳುವುದಕ್ಕೆ ‘ಫ್ರಾಗನ್’ ಎನ್ನುತ್ತಾರೆ, ಅದೂ ಇದೇ ಬಳ್ಳಿಯದು. ಪಕಾರ ಹೇಗೆ ಫಕಾರವಾಯಿತು ಎಂದು ಅನುಮಾನ ಬೇಡ. ಸಂಸ್ಕೃತದ ‘ಪಿತೃ’ ಇಂಗ್ಲಿಷಿನಲ್ಲಿ ‘ಫಾದರ್’ ಆಗಿರುವಂತೆ, ‘ಪಾದ’ ‘ಫುಟ್’ ಆಗಿರುವಂತೆ, ಜರ್ಮನಿಕ್ ಭಾಷೆಗಳಲ್ಲಿ ಈ ಬದಲಾವಣೆ ಸಾಲುಸಾಲಾಗಿ ನಡೆದಿದೆ. ನಮ್ಮಲ್ಲಿ ‘ಪಾಲು’ ಹಾಲಾಗಿ, ‘ಪೂ’ ಹೂವಾದ ಹಾಗೆ. ಪದಗಳ ನೆಂಟಸ್ತಿಕೆಯನ್ನು ಗುರುತಿಸುವಾಗ ಭಾಷಾಶಾಸ್ತ್ರಜ್ಞರು ಮೇಲ್ನೋಟದ ಹೋಲಿಕೆಗಿಂತ ಇಂಥ ಸಾಲುಗಳನ್ನು ನಂಬುತ್ತಾರೆ.

ಕೇಳುವುದಕ್ಕೂ ಬೇಡುವುದಕ್ಕೂ ಏನು ಸಂಬಂಧ ಎಂದು ಕೇಳುವಿರಾದರೆ, ನಮ್ಮ ‘ಕೇಳು’ ಪದವನ್ನೇ ನೋಡಿ. ದಾರಿ ಕೇಳುತ್ತೇವೆ, ಸಾಲ ಕೇಳುತ್ತೇವೆ, ದೇವರಲ್ಲಿ ‘ಕೇಳಿಕೊಳ್ಳುತ್ತೇವೆ’. ಪ್ರಶ್ನೆಯಿಂದ ಪ್ರಾರ್ಥನೆಯವರೆಗೆ ಒಂದೇ ಕ್ರಿಯಾಪದ ಸಾಕಾಗುತ್ತದೆ. ಲ್ಯಾಟಿನ್ನಿನ ದಾರಿ ನಮಗೆ ಅಪರಿಚಿತವೇನಲ್ಲ.

ಮಗಳ ‘ಡೆಪ್ರಿಕೇಟ್’

ಈ ನಂಟು ನಿಜ. ‘ಇನ್’ ಇದ್ದ ಜಾಗದಲ್ಲಿ ‘ದೂರ’ ಎಂಬರ್ಥದ ‘ಡೇ’ ಸೇರಿದರೆ ‘ಡೇಪ್ರಿಕಾರಿ’: ಕೇಡು ದೂರವಾಗಲಿ ಎಂದು ಬೇಡುವುದು. ಒಂದು ಕೇಡನ್ನು ಕರೆಯುವ ಮೊರೆ, ಇನ್ನೊಂದು ಕೇಡನ್ನು ಅಟ್ಟುವ ಮೊರೆ. ಮಾರಿಗೆ ಹರಕೆ ಹೊತ್ತು ಊರಿನ ರೋಗ ಹೊರಗೆ ಹೋಗಲಿ ಎಂದು ಬೇಡುವುದು ಮೂಲಾರ್ಥದಲ್ಲಿ ‘ಡೆಪ್ರಿಕೇಟ್’. ಆಮೇಲೆ ಇಂಗ್ಲಿಷಿನಲ್ಲಿ ಪ್ರಾರ್ಥನೆಯ ಭಾಗ ಮಾಸಿ, ‘ಇದು ಬೇಡ’ ಎಂಬ ಅಸಮ್ಮತಿ ಉಳಿಯಿತು. ನಿಮ್ಮ ಮಗಳ ಕಚೇರಿಯಲ್ಲಿ ಬಳಸುವುದು ಆ ಅರ್ಥದ ಮುಂದುವರಿಕೆ. ಹಳೆಯ ಸೌಲಭ್ಯವೊಂದು ಸದ್ಯಕ್ಕೆ ಕೆಲಸ ಮಾಡುತ್ತದೆ, ಆದರೆ ಮುಂದೆ ತೆಗೆದುಹಾಕುವವರಿದ್ದೇವೆ, ಹೊಸದಾಗಿ ಬಳಸಬೇಡಿ ಎಂದು ಎಚ್ಚರಿಸುವುದು.

ಇಲ್ಲಿ ಒಂದು ಹುಷಾರು. ಲೆಕ್ಕಪತ್ರದಲ್ಲಿ ಬರುವ ‘ಡಿಪ್ರೀಷಿಯೇಟ್’, ಅಂದರೆ ಯಂತ್ರ, ವಾಹನಗಳ ಸವಕಳಿ, ಈ ಮನೆತನದ್ದಲ್ಲ. ಅದು ಬೆಲೆ ಎಂಬರ್ಥದ ‘ಪ್ರೀಷಿಯಂ’ ಎಂಬ ಲ್ಯಾಟಿನ್ ಪದದಿಂದ ಬಂದದ್ದು, ‘ಪ್ರೈಸ್’ನ ಬಂಧು. ಇಂಗ್ಲಿಷರೇ ಈ ಎರಡನ್ನೂ ಕಲಸಿಕೊಂಡಿದ್ದಾರೆ. ನೀವು ಗೊಂದಲಪಟ್ಟರೆ ನಾಚಿಕೊಳ್ಳಬೇಕಾದ್ದಿಲ್ಲ.

ಮೊರೆ ಕೇಳುವವರು ಬೇಕು

ನಿಮ್ಮ ಮೊದಲ ಪ್ರಶ್ನೆಗೆ ಈಗ ಪೂರಾ ಉತ್ತರ ಕೊಡಬಹುದು. ‘ಇಂಪ್ರಿಕೇಟ್’ ಎಂಬ ಪದ ಬಳಸಿದೊಡನೆ ಮೂರು ಜನ ಬಂದು ನಿಲ್ಲುತ್ತಾರೆ: ಬೇಡುವವನು, ಕೇಡು ಯಾರಿಗೆ ತಟ್ಟಬೇಕೋ ಅವನು, ಮತ್ತು ಮೊರೆ ಕೇಳಿಸಿಕೊಂಡು ನಡೆಸಿಕೊಡುವವನು. ಶಾಪ ಹಾಕುವವನ ಕೈಯಲ್ಲಿ ಏನೂ ಇಲ್ಲ, ಬಾಯೊಂದನ್ನು ಬಿಟ್ಟು.

ಇದನ್ನು ದುರ್ವಾಸರ ಜೊತೆ ಹೋಲಿಸಿ ನೋಡಿ. ಕಾಳಿದಾಸನ ನಾಟಕದಲ್ಲಿ ಶಕುಂತಲೆ ಅತಿಥಿಯನ್ನು ಗಮನಿಸದೆ ಕೂತಾಗ ದುರ್ವಾಸರು ಶಪಿಸುತ್ತಾರೆ. ಅವರು ಯಾವ ದೇವರಿಗೂ ಅರ್ಜಿ ಹಾಕುವುದಿಲ್ಲ. ತಪಸ್ಸಿನ ಬಲವಿರುವ ಬಾಯಿಂದ ಮಾತು ಬಿದ್ದರೆ ಮುಗಿಯಿತು, ಅದು ಆದಂತೆಯೇ. ಷೇಕ್ಸ್‌ಪಿಯರನ ಲಿಯರ್ ದೊರೆಯ ಸ್ಥಿತಿ ಬೇರೆ. ರಾಜ್ಯವನ್ನು ಹೆಣ್ಣುಮಕ್ಕಳಿಗೆ ಹಂಚಿ ಬರಿಗೈಯಾದ ಮುದುಕ, ಹಿರಿಯ ಮಗಳು ಗಾನೆರಿಲ್ ತಿರುಗಿ ಬಿದ್ದಾಗ, ಪ್ರಕೃತಿಯನ್ನು ದೇವತೆಯೆಂದು ಕೂಗಿ ಕರೆದು, ಇವಳ ಗರ್ಭ ಬಂಜೆಯಾಗಲಿ ಎಂದು ಮೊರೆಯಿಡುತ್ತಾನೆ. ದುರ್ವಾಸರದು ಶಾಪ, ಲಿಯರನದು ‘ಇಂಪ್ರಿಕೇಷನ್’. ನಿಘಂಟಿನ ‘ಶಪಿಸು’ ಎಂಬ ಒಂದೇ ಪದ ಎರಡನ್ನೂ ಹೊತ್ತುಕೊಳ್ಳುವುದರಿಂದ ನಿಮಗೆ ಅನುಮಾನ ಬಂದದ್ದು ನ್ಯಾಯವೇ.

ಬೈಬಲ್ಲಿನ ಕೀರ್ತನೆಗಳಲ್ಲೂ ಇಂಥ ಮೊರೆಗಳಿವೆ. ಶತ್ರುವನ್ನು ನಾಶಮಾಡೆಂದು ದೇವರನ್ನು ಬೇಡುವ ಕೀರ್ತನೆಗಳಿಗೆ ವಿದ್ವಾಂಸರು ಇಟ್ಟಿರುವ ಹೆಸರು ‘ಇಂಪ್ರಿಕೇಟರಿ ಸಾಮ್ಸ್’. 109ನೆಯ ಕೀರ್ತನೆ ಅವುಗಳಲ್ಲಿ ಹೆಸರಾದದ್ದು. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಕ್ಯಾಥೊಲಿಕ್ ಚರ್ಚು ತನ್ನ ನಿತ್ಯಪ್ರಾರ್ಥನೆಯ ಕ್ರಮವನ್ನು ಪರಿಷ್ಕರಿಸಿದಾಗ 58, 83 ಮತ್ತು 109ನೆಯ ಕೀರ್ತನೆಗಳನ್ನು ಅದರಿಂದ ಕೈಬಿಟ್ಟಿತು. ಪ್ರಾರ್ಥನೆಯ ಪುಸ್ತಕದಲ್ಲಿ ಶಾಪ ಇರುವುದು ವಿಚಿತ್ರವೆನಿಸಿದರೂ, ಪದದ ಮೂಲ ಬಲ್ಲವರಿಗೆ ಅದು ಅಲ್ಲಿರುವುದೇ ಸಹಜ ಅನ್ನಿಸೀತು.

ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ಇಂಥ ಮೊರೆಗಳಿಗೆ ಕಣ್ಣಿಗೆ ಕಾಣುವ ಸಾಕ್ಷಿಗಳಿವೆ. ರೋಮನ್ನರ ಆಳ್ವಿಕೆಯ ಕಾಲದಲ್ಲಿ ಅಲ್ಲಿನ ಬಿಸಿನೀರಿನ ಬುಗ್ಗೆ ಸುಲಿಸ್ ಮಿನರ್ವಾ ಎಂಬ ದೇವತೆಯ ಸನ್ನಿಧಿಯಾಗಿತ್ತು. ಸ್ನಾನಕ್ಕೆ ಬಂದವರ ಬಟ್ಟೆಬರೆ ಕಳುವಾಗುತ್ತಿದ್ದವು. ಕಳೆದುಕೊಂಡವರು ಸೀಸದ ತೆಳು ತಗಡಿನ ಮೇಲೆ ದೇವತೆಗೆ ದೂರು ಗೀಚಿ, ಮಡಚಿ, ಬುಗ್ಗೆಗೆ ಎಸೆಯುತ್ತಿದ್ದರು. 1979–80ರ ಉತ್ಖನನದಲ್ಲಿ ಇಂಥ ತಗಡುಗಳು ರಾಶಿಯಾಗಿ ಸಿಕ್ಕವು. ಬಾತ್‌ನಲ್ಲಿ ಈವರೆಗೆ ದೊರೆತವು ಸುಮಾರು 130. ಡಾಸಿಮಿಡಿಸ್ ಎಂಬವನು ಕಳೆದುಕೊಂಡದ್ದು ಒಂದು ಜೊತೆ ಕೈಗವಸು. ಕದ್ದವನ ಬುದ್ಧಿ, ಕಣ್ಣು ಎರಡೂ ಹೋಗಲಿ ಎಂದು ಅವನ ಬೇಡಿಕೆ. ಕಳ್ಳ ಯಾರೆಂದು ಗೊತ್ತಿಲ್ಲದ ಕಡೆ, ಗಂಡಾಗಲಿ ಹೆಣ್ಣಾಗಲಿ, ಗುಲಾಮನಾಗಲಿ ಸ್ವತಂತ್ರನಾಗಲಿ ಎಂಬ ಧಾಟಿಯಲ್ಲಿ ಯಾರೂ ತಪ್ಪಿಸಿಕೊಳ್ಳದಂತೆ ಬರೆಯುತ್ತಿದ್ದರು. ಕೆಲವರು ಇನ್ನೂ ಜಾಣರು: ಕಳುವಾದ ವಸ್ತುವನ್ನೇ ದೇವತೆಗೆ ಒಪ್ಪಿಸಿ ಬರೆದುಬಿಡುತ್ತಿದ್ದರು. ಅಲ್ಲಿಂದ ಮುಂದೆ ಕಳ್ಳ ಕದ್ದಿಟ್ಟುಕೊಂಡದ್ದು ದೇವರ ಸೊತ್ತು.

ಇದನ್ನು ಓದುವಾಗ ನಮಗೆ ಹಳ್ಳಿಯ ಕೋಳಿ ಕಳ್ಳತನದ ಬೆಳಗು ನೆನಪಾಗದೆ ಇರದು. ರಾತ್ರಿ ಮಂಕರಿಯಡಿ ಮುಚ್ಚಿದ್ದ ಕೋಳಿ ಬೆಳಗ್ಗೆ ಇಲ್ಲ. ಅಜ್ಜಿ ಬೀದಿಗೆ ಬಂದು ನಿಲ್ಲುತ್ತಾಳೆ. ಯಾರ ಹೆಸರನ್ನೂ ಎತ್ತುವುದಿಲ್ಲ. ‘ಯಾರಾನಾ ಆಗಿರ್ಲಿ, ತಿಂದೋರ ಕೈ ಸೇದೋಗ್ಲಿ, ನಮ್ಮವ್ವ ನೋಡ್ಕಳ್ಲಿ’ ಎಂದು ಊರಮ್ಮನ ಗುಡಿಯ ಕಡೆ ತಿರುಗಿ, ಬಗ್ಗಿ ಒಂದು ಹಿಡಿ ಮಣ್ಣು ತೂರುತ್ತಾಳೆ. ದಿನಪತ್ರಿಕೆಗಳಲ್ಲಿ, ರಸ್ತೆಗುಂಡಿಯ ಸುದ್ದಿ ಬಂದಾಗಲೆಲ್ಲ, ಸಾರ್ವಜನಿಕರು ‘ಹಿಡಿಶಾಪ’ ಹಾಕುತ್ತಿದ್ದಾರೆ ಎಂದು ಓದುತ್ತೇವಲ್ಲ, ಆ ಹಿಡಿ ಎಂದಾಗಲೆಲ್ಲ ನನ್ನ ಕಣ್ಣಿಗೆ ಬರುವುದು ಅಜ್ಜಿಯ ಈ ಮುಷ್ಟಿ.

ಅಜ್ಜಿಯ ಮಾತಿನ ಕೊನೆಯ ಅಕ್ಷರವನ್ನು ಹಿಡಿದುಕೊಳ್ಳಿ: ‘ಲಿ’. ‘ಹಾಳಾಗಲಿ’ ಎನ್ನುವುದಕ್ಕೂ ‘ನೂರು ಕಾಲ ಬಾಳಲಿ’ ಎನ್ನುವುದಕ್ಕೂ ಕನ್ನಡ ವ್ಯಾಕರಣ ಬೇರೆ ಪ್ರತ್ಯಯ ಕೊಟ್ಟಿಲ್ಲ. ತಲಕಾಡಿನ ಐತಿಹ್ಯ ನೆನೆಯಿರಿ. 1610ರಲ್ಲಿ ಶ್ರೀರಂಗಪಟ್ಟಣ ರಾಜ ಒಡೆಯರ ವಶವಾದ ಮೇಲೆ, ಒಡವೆಗಾಗಿ ಬೆನ್ನಟ್ಟಿ ಬಂದವರಿಂದ ತಪ್ಪಿಸಿಕೊಳ್ಳಲು, ಅಲ್ಲಿನ ವಿಜಯನಗರ ಪ್ರತಿನಿಧಿಯ ಪತ್ನಿ ಅಲಮೇಲಮ್ಮ ಕಾವೇರಿಗೆ ಹಾರುವ ಮುನ್ನ ಮೂರು ಶಾಪ ಕೊಟ್ಟಳೆಂದು ಜನ ಹೇಳುತ್ತಾರೆ. ತಲಕಾಡಿಗೆ ಮರಳು, ಮಾಲಂಗಿಗೆ ಮಡು, ಮೈಸೂರು ಅರಸರಿಗೆ ಮಕ್ಕಳಿಲ್ಲದ ಕೊರಗು. ಜನರ ಬಾಯಲ್ಲಿ ಆ ಮೂರೂ ‘ಲಿ’ಯಲ್ಲೇ ಮುಗಿಯುತ್ತವೆ. ಲಿಯರನಂತೆ ಅವಳೂ ಎದುರಾಳಿಯ ಸಂತಾನದ ಮೇಲೇ ಕಣ್ಣಿಟ್ಟಳು ಎನ್ನುವುದನ್ನೂ ಗಮನಿಸಿ.

ವ್ಯಾಕರಣದಂತೆ ಕೈಸನ್ನೆಯೂ ಅಷ್ಟೇ. ಮಗುವಿನ ಮುಖ ನೀವಾಳಿಸಿ ಅಜ್ಜಿ ತನ್ನ ತಲೆಗೆ ಬೆರಳೊತ್ತಿ ನೆಟಿಕೆ ಮುರಿಯುತ್ತಾಳೆ, ದೃಷ್ಟಿ ಹೋಗಲಿ ಎಂದು. ನೆಟಿಕೆ ಮುರಿದೇ ಶಾಪವನ್ನೂ ಹಾಕುತ್ತಾಳೆ. ಲ್ಯಾಟಿನ್ನಿನ ‘ಇಂಪ್ರಿಕಾರಿ’ ಒಳಿತು ಕೆಡುಕು ಎರಡಕ್ಕೂ ಸಲ್ಲುತ್ತಿತ್ತು ಎಂದೆನಲ್ಲ, ಅದು ಆ ಹತ್ತು ಬೆರಳುಗಳಲ್ಲಿ ಇನ್ನೂ ಇದೆ.

ಶಾಸನದ ಕೊನೆಯ ಸಾಲು

ನೀವು ಹೊರಟದ್ದು ಶಾಸನದಿಂದ. ಅಲ್ಲಿಗೇ ಮರಳೋಣ. ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೊದಲ 12 ಸಂಪುಟಗಳನ್ನು 1886ರಿಂದ 1905ರವರೆಗೆ ಹೊರತಂದವರು ಬಿ. ಎಲ್. ರೈಸ್. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಇಂಗ್ಲಿಷರು. ದಾನಶಾಸನಗಳ ಕೊನೆಯಲ್ಲಿ ಬರುವ ಶಾಪಶ್ಲೋಕಗಳು ಶಾಸನದಿಂದ ಶಾಸನಕ್ಕೆ ಹೆಚ್ಚುಕಡಿಮೆ ಅವೇ. ಪ್ರತಿ ಸಲವೂ ಅನುವಾದಿಸಿದರೆ ಪುಟಗಳು ತುಂಬಿಹೋಗುತ್ತವೆ. ಆದ್ದರಿಂದ ಶಾಸನ ಸಂಪಾದಕರು ‘ಎಂದಿನ ಶಾಪವಾಕ್ಯಗಳು’ ಎಂದು ಚುಟುಕಾಗಿ ಸೂಚಿಸಿ ಮುಂದೆ ಹೋಗುವುದು ರೂಢಿ. ನೀವು ಕಂಡದ್ದು ಆ ಸೂಚನೆಯನ್ನು.

ಆ ಚುಟುಕಿನ ಹಿಂದೆ ಇರುವುದೇನು? ತಾನು ಕೊಟ್ಟ ಭೂಮಿಯನ್ನಾಗಲಿ ಬೇರೆಯವರು ಕೊಟ್ಟದ್ದನ್ನಾಗಲಿ ಕಿತ್ತುಕೊಂಡವನು 60 ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುತ್ತಾನೆ ಎಂಬ ಸಂಸ್ಕೃತ ಶ್ಲೋಕ ಬಹಳ ಕಡೆ ಇರುತ್ತದೆ. ಕನ್ನಡದ ವಾಕ್ಯಗಳಲ್ಲಿ ಹೆಚ್ಚು ಕಾಣುವುದು ಕವಿಲೆ, ಅಂದರೆ ಕಪಿಲೆ ಹಸು. ಈ ಧರ್ಮವನ್ನು ಅಳಿದವನಿಗೆ ವಾರಣಾಸಿಯಲ್ಲೋ ಗಂಗೆಯ ತಡಿಯಲ್ಲೋ ಕವಿಲೆಯನ್ನು ಕೊಂದ ಪಾಪ. ಕಾಪಾಡಿದವನಿಗೆ ಅದೇ ಪುಣ್ಯಕ್ಷೇತ್ರದಲ್ಲಿ ಕವಿಲೆಗಳನ್ನು ದಾನ ಕೊಟ್ಟ ಫಲ. ಕ್ಷೇತ್ರವೂ ಅದೇ, ಹಸುವೂ ಅದೇ. ಕೊಡುತ್ತೀಯೋ ಕೊಲ್ಲುತ್ತೀಯೋ ಎಂಬ ಆಯ್ಕೆ ಓದುವವನದು.

ಈ ಪದ್ಧತಿ ಕನ್ನಡ ಶಾಸನಗಳಷ್ಟೇ ಹಳೆಯದು. ನಿಮ್ಮದೇ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವನ್ನು ಕ್ರಿ.ಶ. ಸುಮಾರು 450ರದ್ದೆಂದು ಹೇಳುತ್ತಾರೆ. ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಊರುಗಳನ್ನು ಬಿಟ್ಟುಕೊಟ್ಟದ್ದನ್ನು ಅದು ಹೇಳುತ್ತದೆ. ಮೇಲೆ ಪಕಾರ ಹಕಾರದ ಮಾತು ಬಂತಲ್ಲ, ಆ ಕಲ್ಲಿನ ಮೇಲೆ ಊರಿನ ಹೆಸರು ‘ಪಲ್ಮಿಡಿ’ ಎಂದೇ ಇದೆ. ದಾನವನ್ನು ಅಳಿದವನಿಗೆ ಮಹಾಪಾತಕ ಎಂದು ಹೇಳಿ, ಅದರ ಬೆನ್ನಿಗೇ ‘ಸ್ವಸ್ತಿ’ ಎನ್ನುತ್ತದೆ ಶಾಸನ.

ರಾಜ ಯಾಕೆ ಶಾಪ ಹಾಕಬೇಕು? ಸೈನ್ಯವಿದೆ, ಸೆರೆಮನೆಯಿದೆ, ದಂಡ ವಿಧಿಸುವ ಅಧಿಕಾರವಿದೆ. ಆದರೆ ಅವೆಲ್ಲ ಇರುವುದು ಅವನ ಉಸಿರಿರುವವರೆಗೆ. ಕಲ್ಲಿನ ಮೇಲೆ ಸೂರ್ಯಚಂದ್ರರನ್ನು ಕೆತ್ತಿಸಿ, ಅವರಿರುವಷ್ಟು ಕಾಲ ಈ ದಾನ ನಡೆಯಲಿ ಎಂದು ಬರೆಸುತ್ತಾನೆ. ನೂರು ವರ್ಷದ ಮೇಲೆ ಇನ್ನೊಬ್ಬ ರಾಜ, ಇನ್ನೊಬ್ಬ ಗೌಡ ಆ ಗದ್ದೆಯ ಮೇಲೆ ಕಣ್ಣು ಹಾಕಿದರೆ ತಡೆಯುವವರು ಯಾರು? ಆ ನಾಳೆಯ ಮುಂದೆ ಚಕ್ರವರ್ತಿಯೂ ಕೋಳಿ ಕಳೆದುಕೊಂಡ ಅಜ್ಜಿಯಷ್ಟೇ ಬರಿಗೈಯವನು. ಅದಕ್ಕೇ ಹಲವು ಶಾಸನಗಳಲ್ಲಿ ಶಾಪದ ಪಕ್ಕದಲ್ಲೇ ಇನ್ನೊಂದು ಶ್ಲೋಕ ಬರುತ್ತದೆ. ಈ ಧರ್ಮಸೇತುವೆ ಎಲ್ಲ ಅರಸರಿಗೂ ಸೇರಿದ್ದು, ಇದನ್ನು ಕಾಲಕಾಲಕ್ಕೂ ಕಾಪಾಡಿ ಎಂದು ಮುಂದೆ ಬರುವ ರಾಜರನ್ನೆಲ್ಲ ರಾಮಚಂದ್ರ ಮತ್ತೆ ಮತ್ತೆ ಯಾಚಿಸುತ್ತಾನೆ ಎಂದು ಅದರ ಭಾವ. ಒಂದೇ ಕಲ್ಲಿನ ಮೇಲೆ ಯಾಚನೆ ಮೇಲಿನ ಸಾಲಿನಲ್ಲಿ, ಶಾಪ ಕೆಳಗಿನ ಸಾಲಿನಲ್ಲಿ. ಎರಡನ್ನೂ ಒಟ್ಟಿಗೆ ಹಿಡಿಯುವ ಇಂಗ್ಲಿಷ್ ಪದ ಬೇಕೆಂದರೆ, ‘ಕರ್ಸ್’ ಸಾಲದು. ‘ಇಂಪ್ರಿಕೇಟರಿ’ ಸರಿಯಾಗಿ ಕೂರುತ್ತದೆ.

ಬಳಸುವುದಾದರೆ

ಈ ಪದವನ್ನು ನೀವು ಬರವಣಿಗೆಯಲ್ಲಿ ಬಳಸಬೇಕೆಂದಿದ್ದರೆ ಎರಡು ಮಾತು ನೆನಪಿಡಿ. ಸಿಟ್ಟಿನಲ್ಲಿ ಆಡಿದ ಕೆಟ್ಟ ಮಾತಿಗೆ ಇದು ಸಲ್ಲದು. ಕೇಡು ಬರಲಿ ಎಂಬ ಕೋರಿಕೆ ಇರಲೇಬೇಕು. ಕನ್ನಡಕ್ಕೆ ತರುವಾಗ ‘ಶಪಿಸು’ ಎಂದರೆ ತಪ್ಪಾಗುವುದಿಲ್ಲ, ಆದರೆ ಸಂದರ್ಭ ಒಪ್ಪಿದರೆ ‘ಕೇಡು ಬೇಡು’, ‘ಮೊರೆಯಿಟ್ಟು ಶಾಪ ಹಾಕು’ ಎಂದರೆ ಪದದ ಒಡಲು ಉಳಿಯುತ್ತದೆ.

ಶಾಪವನ್ನು ತನ್ನ ಮೇಲೇ ತಿರುಗಿಸಿಕೊಂಡರೆ ಏನಾಗುತ್ತದೆ ಎಂಬುದನ್ನೂ ಹೇಳಿ ಮುಗಿಸುತ್ತೇನೆ. ‘ನಾನು ಸುಳ್ಳಾಡಿದ್ದರೆ ನನ್ನ ಕಣ್ಣು ಹೋಗಲಿ’ ಎನ್ನುತ್ತಾರೆ. ಅದು ಆಣೆ. ಸಂಸ್ಕೃತದ ‘ಶಪ್’ ಧಾತುವಿನಿಂದಲೇ ‘ಶಾಪ’ವೂ ಹುಟ್ಟಿದೆ, ‘ಶಪಥ’ವೂ ಹುಟ್ಟಿದೆ. ಇಂಗ್ಲಿಷಿನ ‘ಸ್ವೇರ್’ ಕೂಡ ಹಾಗೆಯೇ, ಪ್ರಮಾಣ ಮಾಡುವುದಕ್ಕೂ ಬಾಯಿ ಹೊಲಸು ಮಾಡಿಕೊಳ್ಳುವುದಕ್ಕೂ ಅದೊಂದೇ ಪದ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ‘ಎದುರಿಗೆ’ ಎಂಬ ಉಪಸರ್ಗ ಸೇರಿಸಿ ಆಪಾದನೆಗೆ ಎದುರಾಗಿ ಆಣೆಯಿಟ್ಟು ಹೇಳುವ ಮಾತಿಗೆ ಒಂದು ಪದ ಕಟ್ಟಿದರು. ಅದೇ ಇಂದಿನ ‘ಆನ್ಸರ್’.

ಹಾಗೆ ನೋಡಿದರೆ ನಿಮ್ಮ ಪ್ರಶ್ನೆ ಬೇಡಿಕೆಯ ಮನೆತನದ್ದು, ನನ್ನ ಆನ್ಸರ್ ಆಣೆಯ ಮನೆತನದ್ದು. ನಿಮ್ಮ ಸೀಮೆಯ ಆ ಶಾಸನಗಳ ಕನ್ನಡ ಪಾಠವೂ ಸಂಪುಟದಲ್ಲಿರುತ್ತದೆ. ಅನುವಾದದಲ್ಲಿ ‘ಇಂಪ್ರಿಕೇಟರಿ’ ಎಂದು ದಾಟಿಸಿದ ಜಾಗಕ್ಕೆ ಸರಿಯಾಗಿ ಅಲ್ಲಿ ಬೆರಳಿಟ್ಟು ಓದಿ ನೋಡಿ. ಕವಿಲೆ ಸಿಕ್ಕಬಹುದು.